ಕಂಪ್ಯೂಟರ್ ಮುಟ್ಟಬೇಡ, ವೆಲ್ಕೊ

ಮಂಗಳವಾರ, ಫೆಬ್ರವರಿ 11
ಬೊಂಬೆ ನಾಟಕಶಾಲೆ, ಹಿಂದಿನ ಕೋಣೆ

ವೆಲ್ಕೊ,

ಮುಂದಿನ ಸಾಲು ಓದುವ ಮೊದಲು ಒಂದು ಮಾತು: ನಿನ್ನ ಕಂಪ್ಯೂಟರ್ ಮುಟ್ಟಬೇಡ. ಮುಚ್ಚಿದ್ದರೆ ಮುಚ್ಚಿಯೇ ಇರಲಿ. ಒಂದು ವೇಳೆ ನೀನು ಆಗಲೇ ಬೆಟ್ಟ ಇಳಿದು ಬಸ್ ನಿಲ್ದಾಣದ ಕಾಫಿ ಅಂಗಡಿಯಲ್ಲಿ ಕುಳಿತಿದ್ದರೆ, ಅದು ನಿನ್ನ ತೊಡೆಯ ಮೇಲಿದ್ದರೆ, ಹಾಗೆಯೇ ಚೀಲಕ್ಕೆ ಹಾಕಿ ಚೀಲದ ಮೇಲೆ ಕುಳಿತುಕೊ.

ಕುಳಿತೆಯಾ? ಸರಿ. ಈಗ ಓದು.

ನಾನು ಕ್ಷೇಮ, ಎಡ ಮೊಣಕಾಲೊಂದನ್ನು ಬಿಟ್ಟು. ನೀನೂ ಕ್ಷೇಮವಾಗಿದ್ದೀ, ತಂಗುಮನೆಗೆ ಬರುವ ಚಾರಣಿಗರಿಗೆ ಬೀನ್ಸ್ ಕಾಳಿನ ಸಾರು ಬಡಿಸಿಕೊಂಡು ದಪ್ಪಗಾಗಿದ್ದೀ ಎಂದು ಬಸ್ಸು ಓಡಿಸುವ ರಂಗೆಲ್ ನಾನು ಕೇಳದೆಯೇ ವರದಿ ಕೊಡುತ್ತಾನೆ. ಎರಡು ವರ್ಷ ಐದು ತಿಂಗಳಿಂದ ನಾನು ನಿನಗೆ ಬರೆದಿಲ್ಲ. ನೀನೂ ಬರೆದಿಲ್ಲ. ಕರಡಿ ನಿದ್ದೆ ಮಾಡುವ ದೃಶ್ಯದಲ್ಲಿ ನಾಲ್ಕು ನಿಮಿಷ ತುತ್ತೂರಿ ಊದಬೇಕೋ ಬೇಡವೋ ಎಂಬುದಕ್ಕೆ ಗಂಡ ಹೆಂಡತಿ ಬೇರೆಯಾದದ್ದು ಈ ಸೀಮೆಯಲ್ಲಿ ನಾವೇ ಮೊದಲಿರಬೇಕು. ಆ ಜಗಳವನ್ನು ಇನ್ನೊಂದು ದಿನ ಮುಂದುವರಿಸೋಣ. ಇವತ್ತು ಅದಕ್ಕಿಂತ ದೊಡ್ಡದೊಂದು ಆಗಿದೆ.

ನಿನ್ನೆ ಬೆಳಿಗ್ಗೆ ನಮ್ಮ ನಿರ್ದೇಶಕ ಸ್ತಾಮೆನ್ ಒಂದು ಕಾಲಿಗೆ ಬೂಟು, ಇನ್ನೊಂದು ಕಾಲಿಗೆ ಮನೆ ಚಪ್ಪಲಿ ಹಾಕಿಕೊಂಡು ನನ್ನ ಕೋಣೆಗೆ ನುಗ್ಗಿದ. "ದೋನ್ಕಾ, ಕ್ಲೌಡ್ ಖಾಲಿ ಕಣೇ! ಒಂದೂ ಇಲ್ಲ! ಗುಡಿಸಿ ಹಾಕಿದ ಹಾಗಿದೆ!" ಎಂದು ಕೂಗಿದ. ನಾನು ಎಂದಿನಂತೆ ಅವನ ಕನ್ನಡಕ ಒರೆಸಿ ಕೊಟ್ಟೆ. ಈ ಸಲ ಅದರಿಂದ ಏನೂ ಉಪಯೋಗವಾಗಲಿಲ್ಲ. ನಿಜಕ್ಕೂ ಖಾಲಿ.

ನೆಲಮಾಳಿಗೆಗೆ ನೀರು ನುಗ್ಗಿದ ವರ್ಷ ಕಾಗದಗಳೆಲ್ಲ ಅಂಬಲಿಯಾಗುವ ಮೊದಲು ಒಂದೊಂದನ್ನೂ ಫೋಟೊ ತೆಗೆದು ಕ್ಲೌಡಿಗೆ ಏರಿಸಿದವನು ನೀನೇ. ಮೂವತ್ತೊಂದು ವರ್ಷದ ನಾಟಕಗಳು, ಇನ್ನೂರ ಹದಿನಾಲ್ಕು ಬೊಂಬೆಗಳ ನಕ್ಷೆಗಳು, ನಿನ್ನ ಸಂಗೀತ, ಎಲ್ಲ ಅಲ್ಲೇ ಇತ್ತು. ಈಗ ಅಲ್ಲಿ ಒಂದೇ ಒಂದು ಚೀಟಿ ಇದೆ. "ನಿಮ್ಮ ಕಡತಗಳು ನಮ್ಮ ಕೈಯಲ್ಲಿ ಇರುತ್ತಾಳೆ. ಹಣ ಕೊಟ್ಟರೆ ಅವನು ಮರಳಿ ಬರುತ್ತವೆ." ಅದನ್ನು ಮುದ್ರಿಸಿಕೊಂಡು ಕೆಂಪು ಶಾಯಿಯಲ್ಲಿ ತಿದ್ದಿದೆ. ಸಿಟ್ಟು ಬಂದಾಗ ನನಗೆ ಬೇರೇನೂ ತೋಚುವುದಿಲ್ಲ.

ಮಾರ್ಚ್ ಒಂದಕ್ಕೆ "ಮಾರ್ತಾ ಅಜ್ಜಿಯ ಕಳೆದ ಕೋಪ" ಎಂಬ ನನ್ನ ಹೊಸ ನಾಟಕ ಇದೆ. ಹನ್ನೊಂದು ಹಳ್ಳಿಗಳಿಂದ ಶಾಲೆಯ ಮಕ್ಕಳು ಬರುವವರಿದ್ದಾರೆ. ಪುರಸಭೆಯವರಿಗೆ ನಮ್ಮ ಕಟ್ಟಡವನ್ನು ಚೆಂಡು ಉರುಳಿಸುವ ಬೌಲಿಂಗ್ ಆಟದ ಮನೆ ಮಾಡುವ ಆಸೆ. ಈ ವಸಂತದ ಆಟ ನಿಂತರೆ ಅವರಿಗೆ ನೆಪ ಸಿಕ್ಕಂತೆ. ಮಾತುಗಳನ್ನೇನೋ ನಾವು ನೆನಪಿನಿಂದ ಬರೆದುಕೊಂಡೇವು. ಆದರೆ ಇಡೀ ನಾಟಕಕ್ಕೆ ನಿನ್ನ ಹಳೆಯ ಸಂಗೀತವನ್ನೇ ಜೋಡಿಸಿದ್ದೆ. ಹೌದು, ಕೇಳದೆ ಬಳಸಿದೆ. ಬೈಯುವುದಾದರೆ ಆಮೇಲೆ ಬೈ.

ಇವತ್ತು ಜಿಲ್ಲಾ ಕೇಂದ್ರದಿಂದ ದೆನಿತ್ಸಾ ಎಂಬ ಹುಡುಗಿ ಬಂದಿದ್ದಳು. ಇಂಥ ಕಳ್ಳತನಗಳನ್ನು ಪತ್ತೆ ಹಚ್ಚುವುದೇ ಅವಳ ಕೆಲಸ. ಇಪ್ಪತ್ತೇಳು ವರ್ಷ ಇರಬಹುದು, ದೊಡ್ಡ ಬೂಟು, ಕಾಫಿ ಕೊಟ್ಟರೆ ಬೇಡವೆಂದು ಬರೀ ಬಿಸಿನೀರು ಕುಡಿಯುತ್ತಾಳೆ. ತೋಳದ ಬೊಂಬೆಯನ್ನು ಪಕ್ಕಕ್ಕೆ ಸರಿಸಿ ಅದರ ಕುರ್ಚಿಯಲ್ಲಿ ಕುಳಿತು, "ಎಲ್ರೂ ನಿಜ ಹೇಳ್ಬಿಡಿ. ನಾನು ಪೊಲೀಸ್ ಅಲ್ಲ, ಡಾಕ್ಟ್ರು ಅಂದ್ಕೊಳ್ಳಿ" ಎಂದಳು.

"ಡಾಕ್ಟ್ರಿಗೂ ನಾವು ನಿಜ ಹೇಳಲ್ಲ ಕಣಮ್ಮಾ" ಎಂದಳು ನಮ್ಮ ಬೊಂಬೆಗಳಿಗೆ ಬಟ್ಟೆ ಹೊಲಿಯುವ ಪಾವ್ಲಿನಾ.

ಮೊದಲ ಪ್ರಶ್ನೆ ಪಾಸ್‌ವರ್ಡಿನದು. ಯಾರ ಪಾಸ್‌ವರ್ಡ್ ಏನು, ಎಲ್ಲಿ ಬರೆದಿಟ್ಟಿದ್ದೀರಿ ಎಂದು ಕೇಳಿದಳು. ಒಬ್ಬೊಬ್ಬರದು ಒಂದೊಂದು ಇರುವುದಿಲ್ಲ, ಎಲ್ಲರದೂ ಒಂದೇ, ನಮ್ಮ ಮುಳ್ಳುಹಂದಿ ಬೊಂಬೆಯ ಹೆಸರು ಮತ್ತು ಒಂದು ಎರಡು ಮೂರು ಎಂದು ಸ್ತಾಮೆನ್ ಹೆಮ್ಮೆಯಿಂದ ವಿವರಿಸಿದ. ಮರೆಯಬಾರದೆಂದು ರಂಗದ ಬಾಗಿಲಿಗೆ ಅಂಟಿಸಿದ್ದನ್ನೂ ತೋರಿಸಿದ. ದೆನಿತ್ಸಾ ತನ್ನ ಫೋನಿನಲ್ಲಿ ಏನನ್ನೋ ಹುಡುಕಿ ನಮ್ಮ ಮುಂದೆ ಹಿಡಿದಳು. ನವೆಂಬರಿನಲ್ಲಿ ಪತ್ರಿಕೆಯಲ್ಲಿ ಬಂದ ಸ್ತಾಮೆನ್‌ನ ಚಿತ್ರ. ಅವನು ಹಲ್ಲು ಕಿರಿಯುತ್ತಾ ಆ ಬಾಗಿಲಿಗೆ ಒರಗಿ ನಿಂತಿದ್ದಾನೆ. ಭುಜದ ಪಕ್ಕದಲ್ಲಿ ಚೀಟಿ. ಹಿಗ್ಗಿಸಿದರೆ ಮೂರರ ಬಾಲವೂ ಸ್ಪಷ್ಟವಾಗಿ ಕಾಣುತ್ತದೆ.

"ಮುಖ ಚೆನ್ನಾಗಿ ಬಂದಿದೆ ಅಲ್ವಾ?" ಎಂದ ಸ್ತಾಮೆನ್.

ಪಾಸ್‌ವರ್ಡ್ ಕದ್ದರೂ ಒಳಗೆ ಬರಲಾಗದಂತೆ ಫೋನಿಗೆ ಒಂದು ಸಂಖ್ಯೆ ಬರುವ ವ್ಯವಸ್ಥೆ ಇರುತ್ತದಂತೆ. ಅದನ್ನು ನಿಲ್ಲಿಸಿದವರು ಯಾರು ಎಂದು ಕೇಳಿದಳು. ಅದೂ ಸ್ತಾಮೆನ್. ತೋಳ ಮರಿಗೆ ಮುತ್ತು ಕೊಡುವ ಹೊತ್ತಿಗೆ ಸರಿಯಾಗಿ ಫೋನು ಟಿಂಗ್ ಎಂದು ಮಕ್ಕಳೆಲ್ಲ ನಕ್ಕಿದ್ದರಿಂದ ಅವನು ಅದನ್ನು ಕಲೆಯ ಹಿತದೃಷ್ಟಿಯಿಂದ ತೆಗೆದುಹಾಕಿದನಂತೆ.

ಆಗ ಪಾವ್ಲಿನಾ ಸ್ತಾಮೆನ್‌ನನ್ನು ನೋಡಿ ತಲೆ ತಲೆ ಚಚ್ಚಿಕೊಂಡಳು. ದೆನಿತ್ಸಾ ಅವಳ ಕಡೆ ತಿರುಗಿದಳು. "ಮೇಡಂ, ಇಡೀ ಫೋಲ್ಡರನ್ನ ಲಿಂಕ್ ಇರೋರೆಲ್ಲ ನೋಡ್ಬಹುದು, ತಿದ್ದಬಹುದು ಅಂತ ತೆರೆದಿಟ್ಟಿರೋದು ನಿಮ್ಮ ಖಾತೆಯಿಂದ" ಎಂದಳು. ನಮ್ಮ ನರಿಯ ಕೋಟಿನ ನಕ್ಷೆಯನ್ನು ವಾರ್ನಾದಲ್ಲಿರುವ ತಂಗಿಯ ಮಗಳಿಗೆ ಕಳಿಸಲು ಪಾವ್ಲಿನಾ ಕಂಡುಕೊಂಡ ಸುಲಭದ ದಾರಿ ಅದು. ತಂಗಿಯ ಮಗಳು ತನ್ನ ಹೆಣಿಗೆ ಗುಂಪಿನ ಅರುವತ್ತು ಹೆಂಗಸರಿಗೆ ಹಂಚಿದ್ದಾಳೆ. ವಾರ್ನಾದ ಕಡಲ ದಂಡೆಯಲ್ಲಿ ಈಗ ಯಾರದೋ ನಾಯಿ ನಮ್ಮ ನರಿಯ ಕೋಟು ತೊಟ್ಟು ಓಡಾಡುತ್ತಿದೆ. ಪಾವ್ಲಿನಾ ಅದರ ಚಿತ್ರ ನೋಡಿ, "ತೋಳು ಸರಿಯಾಗಿ ಕೂತಿಲ್ಲ ನೋಡು, ನಾನು ಹೊಲಿದಿದ್ರೆ ಹೀಗಿರ್ತಿರ್ಲಿಲ್ಲ" ಎಂದಳೇ ಹೊರತು ಪಶ್ಚಾತ್ತಾಪದ ಸೊಲ್ಲಿಲ್ಲ.

ಇಷ್ಟೆಲ್ಲ ಬಾಗಿಲುಗಳು ತೆರೆದಿದ್ದರೂ ಕಳ್ಳ ಒಳಗೆ ಬಂದದ್ದು ಇನ್ನೊಂದು ದಾರಿಯಲ್ಲಿ ಇರಬೇಕೆಂದು ದೆನಿತ್ಸಾಳ ಅನುಮಾನ. ಕಳೆದ ಶುಕ್ರವಾರ ಈ ಊರಿನ ಹಲವರಿಗೆ ಒಂದು ಸುಳ್ಳು ಸಂದೇಶ ಬಂದಿದೆಯಂತೆ. ಅದನ್ನು ನಂಬಿ ನಮ್ಮಲ್ಲೊಬ್ಬರು ತಾವಾಗಿಯೇ ಪಾಸ್‌ವರ್ಡನ್ನು ಕಳ್ಳನ ಕೈಗಿಟ್ಟಿರಬಹುದು. ಯಾರೆಂಬುದು ಕ್ಲೌಡ್ ಕಂಪನಿಯಿಂದ ದಾಖಲೆ ಬಂದ ಮೇಲೆ ತಿಳಿಯುತ್ತದೆ. ಎಲ್ಲರೂ ಸ್ತಾಮೆನ್‌ನ ಕಡೆ ನೋಡಿದರು. ಹೋದ ವರ್ಷ ಲಾಟರಿಯಲ್ಲಿ ಒಂಟೆ ಗೆದ್ದಿದ್ದೀರಿ ಎಂಬ ಸಂದೇಶ ನಂಬಿ ಮನೆಯ ಹಿತ್ತಲನ್ನು ಅಳೆದವನು ಅವನು. ನಾನೂ ಅವನ ಕಡೆಯೇ ನೋಡಿದೆ.

ಆಮೇಲೆ ಖಾತೆಗಳ ಪಟ್ಟಿ ಬಂತು. ಒಂಬತ್ತು ಜನರಿಗೆ ಒಳಗೆ ಬರುವ ಅಧಿಕಾರ ಇದೆ, ಇಲ್ಲಿ ಕೂತಿರುವವರು ಆರು. "ಇಲಾರಿಯೋನ್ ಅನ್ನೋರು ಯಾರು? ಎಲ್ಲ ಅಧಿಕಾರಾನೂ ಇದೆ ಅವ್ರಿಗೆ. ಸಂಪರ್ಕ ಮಾಡ್ಬಹುದಾ?" ಎಂದಳು ದೆನಿತ್ಸಾ.

"ಪ್ರಯತ್ನ ಪಡು. ಬಾಗಿಲು ಕಾಯ್ತಿದ್ದ. ಸತ್ತು ಎರಡು ವರ್ಷ ಆಯ್ತು" ಎಂದಳು ಪಾವ್ಲಿನಾ.

ಎಂಟನೆಯವಳು ಮದುವೆಯಾಗಿ ಇಟಲಿಗೆ ಹೋದ ನಟಿ. ಒಂಬತ್ತನೆಯ ಹೆಸರು ಓದಿದಾಗ ಕೋಣೆಯಲ್ಲಿದ್ದವರೆಲ್ಲ ಚಾವಣಿ ನೋಡತೊಡಗಿದರು. "ವೆಲ್ಕೊ ಅಂತ. ಪ್ರತಿ ಶನಿವಾರ ಹನ್ನೊಂದು ಗಂಟೆ ಸುಮಾರಿಗೆ ಬಸ್ ನಿಲ್ದಾಣದ ಕಾಫಿ ಅಂಗಡಿಯಿಂದ ಕ್ಲೌಡಿಗೆ ಬರ್ತಾರೆ. ಒಂದು ಶನಿವಾರಾನೂ ತಪ್ಪಿಸಿಲ್ಲ. ಯಾರಿದು?" ಎಂದಳು. "ನನ್ನ ಗಂಡ" ಎಂದೆ. "ಇಲ್ಲೇ ಕೆಲಸ ಮಾಡ್ತಾರಾ?" "ಇಲ್ಲ." "ಮನೇಲಿದಾರಾ?" "ಅದೂ ಇಲ್ಲ." ಅವಳು ತನ್ನ ಹಾಳೆಯಲ್ಲಿ ಏನು ಬರೆದುಕೊಂಡಳೋ ಗೊತ್ತಿಲ್ಲ.

ಆದರೆ ವೆಲ್ಕೊ, ಅದಾದ ಮೇಲೆ ಅವಳ ಮುಖವೇ ಬದಲಾಯಿತು. ಬೇರೆ ಎಲ್ಲಾದರೂ ಇನ್ನೊಂದು ಪ್ರತಿ ಇದೆಯೇ ಎಂದು ಅವಳು ಮೊದಲೇ ಕೇಳಿದ್ದಳು. ಕ್ಲೌಡೇ ಪ್ರತಿ ಅಲ್ಲವೇ ಎಂದು ನಾವು ತಿರುಗಿ ಕೇಳಿದ್ದೆವು. ನಮ್ಮೆಲ್ಲರ ಕಂಪ್ಯೂಟರುಗಳಲ್ಲಿ ಕಾಣುತ್ತಿದ್ದದ್ದು ಒಂದೇ ಪ್ರತಿಯ ನೆರಳಂತೆ, ಅಲ್ಲಿ ಅಳಿಸಿದರೆ ಇಲ್ಲೂ ಅಳಿಸಿತು. ನಿನ್ನ ಕಂಪ್ಯೂಟರಿನಲ್ಲಿ ಮಾತ್ರ ಎಲ್ಲವೂ ಪೂರ್ತಿ ಇಳಿದು ಕೂತಿದೆ. ಮೊನ್ನೆ ಶನಿವಾರ ನೀನು ಮುಚ್ಚಿದಾಗ ಹೇಗಿತ್ತೋ ಹಾಗೆಯೇ. ನೀನು ಬೆಟ್ಟದ ಮೇಲೆ ಇಂಟರ್ನೆಟ್ ಇಲ್ಲದೆ ಇರುವುದರಿಂದ ಅದಕ್ಕೆ ಇನ್ನೂ ಸುದ್ದಿ ತಲುಪಿಲ್ಲ. ಸುದ್ದಿ ತಲುಪಿದ ಕ್ಷಣ ಅದೂ ವಿಧೇಯವಾಗಿ ಎಲ್ಲವನ್ನೂ ಅಳಿಸಿಬಿಡುತ್ತದೆ. ಇಲ್ಲಿಂದ ನಿನ್ನ ಖಾತೆ ಮುಚ್ಚಿದರೂ ಅಪಾಯವೇ ಇರಬಹುದಂತೆ, ಹಾಗಾಗಿ ಯಾರೂ ಕೈ ಹಾಕಿಲ್ಲ. "ಇಷ್ಟು ವರ್ಷದಲ್ಲಿ ಕೆಲಸ ಬಿಟ್ಟೋರ ಖಾತೆ ಮುಚ್ಚದೇ ಇದ್ದಿದ್ದಕ್ಕೆ ಖುಷಿ ಪಟ್ಟಿದ್ದು ಇದೇ ಮೊದಲು" ಎಂದಳು ದೆನಿತ್ಸಾ, ತನ್ನ ಬಗ್ಗೆ ತನಗೇ ನಾಚಿಕೆಯಾದವಳಂತೆ.

ನಿನ್ನ ಫೋನಿಗೆ ಹತ್ತೊಂಬತ್ತು ಸಲ ಮಾಡಿದೆ. ಬೆಟ್ಟದಲ್ಲಿ ಅದು ಎಂದಿನಂತೆ ಸತ್ತು ಮಲಗಿದೆ. "ನೀನೇ ಹೋಗಿ ಬಾರೇ" ಎಂದು ಪಾವ್ಲಿನಾ ಮೂರು ಸಲ ಹೇಳಿದಳು. ಈ ಮೊಣಕಾಲು ಇಟ್ಟುಕೊಂಡು ಹಿಮದಲ್ಲಿ ಹೇಗೆ ಹತ್ತಲಿ? ಆದ್ದರಿಂದ ಈ ಪತ್ರ. ರಂಗೆಲ್ ಬಸ್ಸಿನಲ್ಲಿ ತಪ್ಪಲಿನ ಹಳ್ಳಿಗೆ ಮುಟ್ಟಿಸುತ್ತಾನೆ, ಗುರುವಾರ ಹಿಮದ ಟ್ರ್ಯಾಕ್ಟರ್ ಸಾಮಾನಿನ ಜೊತೆ ಮೇಲಕ್ಕೆ ತರುತ್ತದೆ. ಶನಿವಾರಕ್ಕೆ ಮೊದಲು ನಿನ್ನ ಕೈ ಸೇರಬೇಕು. ಕಂಪ್ಯೂಟರನ್ನು ತೆರೆಯದೆ ರಂಗೆಲ್ ಕೈಲಿ ಕಳಿಸು.

ನಾಟಕಶಾಲೆಯ ಪರವಾಗಿ,
ದೋನ್ಕಾ

ಮರೆತ ಮಾತು: ಶನಿವಾರಗಳಲ್ಲಿ ಅಲ್ಲಿ ಏನು ಮಾಡುತ್ತಿದ್ದೆ ಎಂದು ನಾನು ಕೇಳುತ್ತಿಲ್ಲ. ದೆನಿತ್ಸಾ ಕೇಳುತ್ತಾಳೆ.

*

ಶುಕ್ರವಾರ, ಫೆಬ್ರವರಿ 14
ತಂಗುಮನೆಯ ಅಡುಗೆಕೋಣೆ

ದೋನ್ಕಾ,

ನಿನ್ನ ಪತ್ರ ನಿನ್ನೆ ಹನ್ನೊಂದು ಗಂಟೆಗೆ ಬಂತು. ಒಡೆದದ್ದು ಮೂರು ಗಂಟೆಗೆ. ಮೊದಲು ಬೈದು ಮುಗಿಸು, ಆಮೇಲೆ ಕಾರಣ ಹೇಳುತ್ತೇನೆ.

ಲಕೋಟೆಯ ಮೇಲೆ ನಾಟಕಶಾಲೆಯ ಮುದ್ರೆ, ನಿನ್ನ ಅಕ್ಷರ, ದಪ್ಪ ಬೇರೆ. ವಿಚ್ಛೇದನದ ಕಾಗದ ಎಂದುಕೊಂಡೆ. ಒಂಬತ್ತು ಹಾಳೆ ಇರಬಹುದೆಂದು ಕೈಯಲ್ಲಿ ತೂಗಿ ನೋಡಿ, ನನ್ನ ತಪ್ಪುಗಳಿಗೆ ಅಷ್ಟು ಸಾಕಾಗುತ್ತದೆಯೇ ಎಂದು ಯೋಚಿಸಿ, ಏಪ್ರನ್ನಿನ ಜೇಬಿಗೆ ಹಾಕಿದೆ. ನಲವತ್ತು ಜನರಿಗೆ ಊಟ ಬಡಿಸುವುದಿತ್ತು. ಬೇಸರವನ್ನು ಬಟ್ಟಲುಗಳ ನಂತರ ಅನುಭವಿಸೋಣ ಎಂದುಕೊಂಡೆ.

ಹಿಮದ ಟ್ರ್ಯಾಕ್ಟರಿನಲ್ಲಿ ನಿನ್ನ ಪತ್ರದ ಜೊತೆಗೆ ಇನ್ನೊಬ್ಬ ಬಂದಿದ್ದ. ಮಾಲೀಕರು ಹೇಳಿ ಕಳಿಸಿದವನು, ಇಂಟರ್ನೆಟ್ ಹಾಕುವವನು. ದೊಡ್ಡ ಮೀಸೆ, ದೊಡ್ಡ ಹಸಿವು. ಹನ್ನೆರಡು ವರ್ಷದಿಂದ ಈ ಬೆಟ್ಟಕ್ಕೆ ಇಂಟರ್ನೆಟ್ ಬರುತ್ತದೆ ಬರುತ್ತದೆ ಎನ್ನುತ್ತಿದ್ದರು, ನಿನ್ನೆಯೇ ಬರಬೇಕೇ? ಅವನು ಮಾಡಿಗೆ ಆಂಟೆನಾದ ತಟ್ಟೆ ಬಿಗಿದು, ತಂತಿ ಎಳೆದು, ಮೂರು ಬಟ್ಟಲು ಸಾರು ಕುಡಿದು, "ಅಣ್ಣ, ಸರಿಯಾಗಿ ಬರ್ತಿದ್ಯಾ ಅಂತ ನೋಡೋಕೆ ಒಂದು ಕಂಪ್ಯೂಟರ್ ಬೇಕಿತ್ತು" ಎಂದ. ನಾನು ಸೌಟು ಹಿಡಿದುಕೊಂಡೇ ನನ್ನ ಕೋಣೆಯ ಕಡೆ ಕೈ ತೋರಿಸಿದೆ.

ಆಮೇಲೆ ಒಲೆಯ ಪಕ್ಕ ಕುಳಿತು ಧೈರ್ಯ ಮಾಡಿ ಲಕೋಟೆ ಒಡೆದೆ. ಮೊದಲ ಸಾಲು ಓದಿದೆ. ಎರಡನೆಯದು ಓದಲಿಲ್ಲ.

ನಾನು ಓಡಿದ್ದನ್ನು ನೀನು ನೋಡಿದ್ದರೆ ದಪ್ಪಗಾಗಿದ್ದಾನೆ ಎಂಬ ರಂಗೆಲ್‌ನ ಮಾತನ್ನು ನಂಬುತ್ತಿರಲಿಲ್ಲ. ಅವನು ನನ್ನ ಮಂಚದ ಮೇಲೆ ಕುಳಿತು, ಕಂಪ್ಯೂಟರ್ ತೆರೆದು, "ಅಬ್ಬಾ ಏನು ವೇಗ ಅಣ್ಣ! ನೋಡು, ಅದಾಗಿ ಅದೇ ಏನೇನೋ ಮಾಡ್ತಿದೆ!" ಎನ್ನುತ್ತಿದ್ದ. ಪರದೆಯ ಮೇಲೆ ಫೋಲ್ಡರುಗಳು ಒಂದೊಂದಾಗಿ ಕಣ್ಮರೆಯಾಗುತ್ತಿದ್ದವು. ನಾನು ಕಂಪ್ಯೂಟರನ್ನು ಕಸಿದುಕೊಂಡು ಕಿಟಕಿ ತೆರೆದು ಹೊರಗೆ ಎಸೆಯಲು ಹೊರಟೆ. ಅವನು ನನ್ನ ಸೊಂಟ ಹಿಡಿದುಕೊಂಡ. "ಅಣ್ಣಾ, ಏನಾಯ್ತೋ, ಅತ್ತಿಗೆ ಬಿಟ್ಟು ಹೋದ್ರಾ?" ಎಂದು ಕೂಗಿದ. "ಅದಾಗಿ ಎರಡು ವರ್ಷ ಆಯ್ತು, ತಂತಿ ಕೀಳೋ!" ಎಂದೆ. ಅವನಿಗೆ ತಾನು ಹಾಕಿದ್ದನ್ನು ಕೀಳಲು ಮನಸ್ಸು ಬರಲಿಲ್ಲ. ಕೊನೆಗೆ ಸೌಟಿನ ಕೊಕ್ಕೆಯನ್ನು ತಂತಿಗೆ ಸಿಕ್ಕಿಸಿ ನಾನೇ ಎಳೆದೆ. ಗೋಡೆಯ ಗಾರೆಯ ಜೊತೆ ಬಂತು. ಅವನು ತಂತಿಯ ತುದಿ ಹಿಡಿದುಕೊಂಡು ಮಗು ಕಳಕೊಂಡವನ ಹಾಗೆ ಕೂತ. ಆಮೇಲೆ ವಿಷಯ ಹೇಳಿದಾಗ ನಕ್ಕು ನಕ್ಕು ನಾಲ್ಕನೇ ಬಟ್ಟಲು ಕೇಳಿದ.

ಹೋದದ್ದು ಎಷ್ಟು ಎಂದು ನೋಡಿದೆ. ಹಳೆಯ ಕರಪತ್ರಗಳು ಹೋಗಿವೆ. ಇಸವಿ ಎರಡು ಸಾವಿರಕ್ಕೆ ಮೊದಲಿನ ಫೋಟೊಗಳಲ್ಲಿ ಅರ್ಧ ಹೋಗಿವೆ, ಅದು ನೋವಿನ ಸಂಗತಿ. ನಾಟಕಗಳಲ್ಲಿ ಒಂದೇ ಒಂದು ಹೋಗಿದೆ, ಸ್ತಾಮೆನ್ ಸ್ವತಃ ಬರೆದ "ಕುಂಬಳಕಾಯಿಯ ಮದುವೆ". ಮೂರು ಗಂಟೆಯ ಆ ನಾಟಕದ ಬೇರೆ ಪ್ರತಿ ಎಲ್ಲೂ ಇಲ್ಲ. ಅವನ ಮುಂದೆ ದುಃಖಿಸಿದಂತೆ ಮಾಡು. ಮಿಕ್ಕಿದ್ದೆಲ್ಲ, ಬೊಂಬೆಗಳು, ಸಂಗೀತ, ನಿನ್ನ ಮಾರ್ತಾ ಅಜ್ಜಿ, ಹಾಗೆಯೇ ಇವೆ.

ದೆನಿತ್ಸಾ ಎಂಬವಳಿಗೆ ಹೇಳು: ಶನಿವಾರಗಳಲ್ಲಿ ನಾನು ಏನನ್ನೂ ಕದಿಯುತ್ತಿರಲಿಲ್ಲ. ನೀನು ಆ ವಾರ ಬರೆದದ್ದನ್ನು ಓದುತ್ತಿದ್ದೆ. ನನ್ನ ಖಾತೆ ಇನ್ನೂ ತೆರೆದಿದೆ ಎಂದು ಮೊದಲ ಸಲ ತಿಳಿದಾಗ ನೀನು ಬೇಕೆಂದೇ ಮುಚ್ಚಿಲ್ಲ ಎಂದುಕೊಂಡಿದ್ದೆ. ಇನ್ನೂರು ಮೀಟರ್ ಎತ್ತರದಷ್ಟು ಖುಷಿಯಾಗಿತ್ತು. ಸತ್ತ ಇಲಾರಿಯೋನ್‌ನ ಖಾತೆಯೂ ತೆರೆದಿತ್ತು ಎಂದು ಈಗ ಓದಿ ಇಳಿದೆ.

ಇನ್ನೊಂದು ಮಾತು, ಕೇಳದಿದ್ದರೂ ಹೇಳುತ್ತೇನೆ. ಮಾರ್ತಾ ಅಜ್ಜಿಯ ಮೂರನೇ ದೃಶ್ಯದಲ್ಲಿ ಮಾತು ಹೆಚ್ಚಾಯಿತು. ಅಜ್ಜಿ ಕೋಪ ಹುಡುಕುತ್ತಾ ನಾಲ್ಕು ನಿಮಿಷ ಸುಮ್ಮನೆ ಮಾತಾಡುತ್ತಾಳೆ. ನಾಲ್ಕು ನಿಮಿಷ, ದೋನ್ಕಾ.

ಕಂಪ್ಯೂಟರನ್ನು ಕುರಿಯ ಚರ್ಮದಲ್ಲಿ ಸುತ್ತಿ ಕಳಿಸುತ್ತಿದ್ದೇನೆ. ಇವತ್ತು ದ್ರಾಕ್ಷಿ ಬಳ್ಳಿ ಸವರುವ ಹಬ್ಬ, ಮನೆ ತುಂಬ ಕುಡಿದವರು ಹಾಡುತ್ತಿದ್ದಾರೆ, ಆದ್ದರಿಂದ ನಾನು ಬರಲಾಗುವುದಿಲ್ಲ. ಹಬ್ಬ ಇಲ್ಲದಿದ್ದರೂ ಬೇರೆ ನೆಪ ಹೇಳುತ್ತಿದ್ದೆ. ನಿನಗೆ ಮೊಣಕಾಲು ಇದೆ, ನನಗೆ ಹಬ್ಬ ಇದೆ.

ವೆಲ್ಕೊ

ಕುರಿಯ ಚರ್ಮ ಹಿಂದಕ್ಕೆ ಬೇಡ. ಮೊಣಕಾಲಿಗೆ ಸುತ್ತಿಕೊ, ಉಣ್ಣೆ ಒಳಮುಖವಾಗಿರಲಿ.

*

ಭಾನುವಾರ, ಮಾರ್ಚ್ 2
ಮನೆ

ಪ್ರಿಯ ವೆಲ್ಕೊ,

ಆಟ ನಡೆಯಿತು. ಹನ್ನೊಂದು ಹಳ್ಳಿಗಳ ಮಕ್ಕಳೂ ಬಂದರು, ಮಣಿಕಟ್ಟಿಗೆಲ್ಲ ಮಾರ್ಚ್ ಮೊದಲ ದಿನದ ಶುಭದ ಕೆಂಪು ಬಿಳಿ ದಾರ ಕಟ್ಟಿಕೊಂಡು. ಜಾಗ ಸಾಲದೆ ಪುರಸಭೆಯವರನ್ನೇ ಮೆಟ್ಟಿಲ ಮೇಲೆ ಕೂರಿಸಿದೆವು. ಅವರಲ್ಲೊಬ್ಬರು ಮಾರ್ತಾ ಅಜ್ಜಿ ಅತ್ತಾಗ ತಾವೂ ಅತ್ತು, ಹೊರಗೆ ಬಂದು ಕಣ್ಣಿಗೆ ಧೂಳು ಬಿತ್ತು ಎಂದರು. ಬೌಲಿಂಗ್ ಮಾತು ಈ ವರ್ಷ ಎತ್ತುವುದಿಲ್ಲ ಎಂದು ಪಾವ್ಲಿನಾ ಅವರಿಂದ ಅಲ್ಲೇ ಮೆಟ್ಟಿಲ ಮೇಲೆ ಮಾತು ತೆಗೆದುಕೊಂಡಳು, ಕೈಯಲ್ಲಿ ಕತ್ತರಿ ಹಿಡಿದುಕೊಂಡು. ಮೂರನೇ ದೃಶ್ಯದಲ್ಲಿ ಮಕ್ಕಳು ಆಕಳಿಸಿದರು. ಎರಡು ನಿಮಿಷ ಕತ್ತರಿಸುತ್ತೇನೆ. ನಾಲ್ಕು ಕತ್ತರಿಸುವುದಿಲ್ಲ.

ನಿನ್ನ ಕಂಪ್ಯೂಟರ್ ಬಂದ ದಿನ ದೆನಿತ್ಸಾ ಅದನ್ನು ಇಂಟರ್ನೆಟ್ ಇಲ್ಲದ ಕೋಣೆಯಲ್ಲಿ ಇಟ್ಟು ಮೂರು ಪ್ರತಿ ತೆಗೆದಳು. ಒಂದು ಇಲ್ಲಿ, ಒಂದು ಗ್ರಂಥಾಲಯದ ಕಪಾಟಿನಲ್ಲಿ, ಇನ್ನೊಂದು ಮತ್ತೆ ಕ್ಲೌಡಿನಲ್ಲಿ, ಈ ಸಲ ಬೀಗ ಹಾಕಿ. ಈಗ ಒಬ್ಬೊಬ್ಬರಿಗೆ ಒಂದೊಂದು ಉದ್ದದ ಪಾಸ್‌ವರ್ಡ್. ಯಾರಿಗೂ ಬೇಕಾದದ್ದಕ್ಕಿಂತ ಹೆಚ್ಚು ಅಧಿಕಾರ ಇಲ್ಲ. ಪಾವ್ಲಿನಾ ಬಟ್ಟೆಯ ನಕ್ಷೆಗಳನ್ನಷ್ಟೇ ನೋಡಬಹುದು. "ನನ್ನನ್ನ ಅಡುಗೆಮನೇಲಿ ಕೂಡಿಹಾಕಿದ ಹಾಗಿದೆ" ಎಂದು ಮುನಿಸಿಕೊಂಡಿದ್ದಾಳೆ. ಫೋನಿಗೆ ಸಂಖ್ಯೆ ಬರುತ್ತದೆ, ಸದ್ದಿಲ್ಲದೆ. ಸ್ತಾಮೆನ್ ಆ ಸಂಖ್ಯೆಯನ್ನು ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದುತ್ತಾನೆ. ಅವನನ್ನು ಹೊರಗೆ ಕಳಿಸಿ ಓದಿಸುತ್ತಿದ್ದೇವೆ.

ಕುಂಬಳಕಾಯಿಯ ಸುದ್ದಿಯನ್ನು ನಾನೇ ಹೇಳಿದೆ. ಅವನು ಕುರ್ಚಿ ಹಿಡಿದು ನಿಂತು, "ಒಂದಕ್ಷರ ಬಿಡದೆ ಬಾಯಿಗೆ ಬರುತ್ತೆ ಕಣೇ, ಮತ್ತೆ ಬರೀತೀನಿ" ಎಂದ. ಈಗಾಗಲೇ ಒಂದೂವರೆ ಗಂಟೆಯಷ್ಟು ಬರೆದಿದ್ದಾನೆ. ಮೂರು ಗಂಟೆ ಸಾಲದು ಎನ್ನುತ್ತಿದ್ದಾನೆ.

ಈಗ ಕಷ್ಟದ ವಿಷಯ. ಹದಿನೇಳಕ್ಕೆ ಕಂಪನಿಯಿಂದ ದಾಖಲೆ ಬಂತು. ದೆನಿತ್ಸಾ ಅದನ್ನು ಓದಿ, ಯಾರ ಹೆಸರನ್ನೂ ಹೇಳದೆ ಬಿಸಿನೀರು ಕುಡಿಯತೊಡಗಿದಳು. ಅಷ್ಟರಲ್ಲಿ ಸ್ತಾಮೆನ್ ಎದ್ದು ಜೇಬಿನಿಂದ ರಾಜೀನಾಮೆ ತೆಗೆದ. ಎಲ್ಲರೂ ಅವನೇ ಅವನೇ ಎಂದು ಹೇಳಿ ಹೇಳಿ ಅವನಿಗೂ ತಾನೇ ಎಂದು ನಂಬಿಕೆ ಬಂದುಬಿಟ್ಟಿತ್ತು. "ಯಾವ ಸಂದೇಶ ಅಂತ ನೆನಪಿಲ್ಲ, ಆದ್ರೆ ನಾನು ಒತ್ತಿರಲೇಬೇಕು. ನಾನು ಎಲ್ಲದನ್ನೂ ಒತ್ತುತೀನಿ" ಎಂದ. ಇಪ್ಪತ್ತು ವರ್ಷ ಈ ನಾಟಕಶಾಲೆಯನ್ನು ಹೆಗಲ ಮೇಲೆ ಹೊತ್ತವನು, ವೆಲ್ಕೊ. ಒಂದು ವಾರ ಅವನು ಊಟ ಸರಿಯಾಗಿ ಮಾಡದಿದ್ದುದನ್ನು ನಾನು ನೋಡಿದ್ದೆ, ನೋಡಿಯೂ ಸುಮ್ಮನಿದ್ದೆ.

ಎದ್ದು ನಿಂತೆ. "ಕಾಗದ ಒಳಗಿಡು ಸ್ತಾಮೆನ್. ಪಾಸ್‌ವರ್ಡ್ ಕೊಟ್ಟಿದ್ದು ನಾನು" ಎಂದೆ. ಎಲ್ಲರ ಬರಹ ತಿದ್ದುವವಳು, ಸುಳ್ಳು ಸಂದೇಶಗಳನ್ನು ಸೂಚನಾ ಫಲಕಕ್ಕೆ ಅಂಟಿಸಿ ನಗುವವಳು ನಾನು. ಯಾರೂ ನಂಬಲಿಲ್ಲ. ಅವನನ್ನು ಉಳಿಸಲು ಸುಳ್ಳು ಹೇಳುತ್ತಿದ್ದೇನೆ ಎಂದು ಪಾವ್ಲಿನಾ ನನ್ನ ಕೈ ಒತ್ತಿದಳು. ದೆನಿತ್ಸಾ ದಾಖಲೆಯನ್ನು ಮೇಜಿನ ಮೇಲಿಟ್ಟ ಮೇಲೆಯೇ ನಂಬಿದ್ದು. ಸ್ತಾಮೆನ್ ರಾಜೀನಾಮೆಯನ್ನು ಹರಿದು, ನನ್ನನ್ನು ಅಪ್ಪಿಕೊಂಡು, ಆಮೇಲೆ ನೆನಪಾಗಿ ಸಿಟ್ಟು ಮಾಡಿಕೊಂಡ. "ನನ್ನ ಹೆಂಡ್ತಿ ಒಂದು ವಾರದಿಂದ ನನ್ನ ಫೋನ್ ಕಸ್ಕೊಂಡಿದ್ದಾಳೆ ಕಣೇ!" ಎಂದು ಕೂಗಿದ. ಅವನಿಗೆ ಮೂರು ದಿನ ಮನೆಯಲ್ಲೇ ಚೀಸು ತುಂಬಿ ಬೇಯಿಸಿದ ಬಾನಿತ್ಸಾ ಕೊಟ್ಟು ಸಮಾಧಾನ ಮಾಡಬೇಕಾಯಿತು. ಚೀಸು ಕಡಿಮೆ ಎಂದ, ಅಂದರೆ ಕ್ಷಮಿಸಿದ ಎಂದರ್ಥ.

ಯಾವ ಸಂದೇಶ ಎಂದು ಕೇಳಿದರು. ಬೊಂಬೆಗೆ ಬೇಕಾದ ಅಂಟಿನ ಪಾರ್ಸೆಲ್ ಎಂದು ಬಂದಿತ್ತು ಎಂದೆ. ದೆನಿತ್ಸಾ ತಲೆ ಎತ್ತಿ ನನ್ನನ್ನು ನೋಡಿ ಮತ್ತೆ ತಗ್ಗಿಸಿದಳು.

ಕೊನೆಗೆ ಅವಳು ಹಳೆಯ ಖಾತೆಗಳನ್ನು ಮುಚ್ಚಿದಳು. ಇಲಾರಿಯೋನ್‌ನದು ಮುಚ್ಚುವಾಗ ಪಾವ್ಲಿನಾ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು. ನಿನ್ನದು ಬಂದಾಗ ದೆನಿತ್ಸಾ ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿ, "ಇದು ನೀವೇ ಮಾಡಿ" ಎಂದಳು. ಮುಚ್ಚಿದೆ. ಇನ್ನು ಮೇಲೆ ನೀನು ಕಾಫಿ ಅಂಗಡಿಯಲ್ಲಿ ಕುಳಿತು ನನ್ನ ನಾಟಕ ಓದುವ ಹಾಗಿಲ್ಲ. ನಿನ್ನ ಕಂಪ್ಯೂಟರನ್ನೂ ರಂಗೆಲ್ ಕೈಗೆ ಕೊಡುವುದಿಲ್ಲ, ಇಲ್ಲೇ ನನ್ನ ಕಪಾಟಿನಲ್ಲಿದೆ. ಬೇಕಿದ್ದರೆ ಬಂದು ತೆಗೆದುಕೊ. ಬಸ್ಸು ಸಂಜೆ ಹಿಂದಕ್ಕೆ ಹೋಗುವುದಿಲ್ಲ ಎಂಬುದು ನಿನಗೆ ಗೊತ್ತಿದೆ.

ನಿನ್ನ,
ದೋನ್ಕಾ

ಪತ್ರ ಮುಗಿಸಿದ ಮೇಲೆ: ಅಂಟಿನ ಪಾರ್ಸೆಲ್ ಎಂಬುದು ಸುಳ್ಳು. ಆ ಶುಕ್ರವಾರದ ಸಂದೇಶದಲ್ಲಿ ಇದ್ದದ್ದು ಇಷ್ಟೇ: "ನಿಮಗೊಂದು ಪತ್ರ ಬಂದಿದೆ. ಬೆಟ್ಟದ ಅಂಚೆಯಲ್ಲಿ ಕಾಯುತ್ತಿದೆ. ಕಳುಹಿಸಿದವರ ಹೆಸರು ನೋಡಲು ಪಾಸ್‌ವರ್ಡ್ ಕೊಡಿ." ಅದರಲ್ಲಿ ಮೂರು ವ್ಯಾಕರಣ ದೋಷಗಳಿದ್ದವು, ವೆಲ್ಕೊ. ಮೂರನ್ನೂ ಕಂಡೆ. ಕಂಡೂ ಒತ್ತಿದೆ.